ಒಂದೇ ಕಾರು, ಎರಡು ಖಂಡ, ಹಲವು ಹೆಸರು: ಬ್ಯಾಡ್ಜ್ ಬದಲಾಯಿಸಿ ಮಾರಿದ ಕಾರುಗಳು ಏಕೆ ಸೋಲುತ್ತಿದ್ದವು?

ತುಂಗಾತೀರ (ಚರ್ಚೆ ಆರಂಭಿಸಿದವರು)

ಮಾರುತಿಯ ಬಲೆನೊ ಕಾರಿಗೆ ಟೊಯೋಟಾದ ಲಾಂಛನ ಹಚ್ಚಿ 2019ರಲ್ಲಿ ಗ್ಲಾನ್ಜಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಾಗ, ಇದು ಗಿರಾಕಿಯ ಕಣ್ಣಿಗೆ ಮಣ್ಣೆರಚುವ ಕೆಲಸವೆಂದು ನಮ್ಮಲ್ಲಿ ಅನೇಕರು ಆಡಿಕೊಂಡರು. ನಮಗೆ ಹೊಸದೆನಿಸಿದ ಈ ಪದ್ಧತಿ ಅಮೆರಿಕ ಮತ್ತು ಯೂರೋಪಿನ ನಡುವೆ ಅರ್ಧ ಶತಮಾನಕ್ಕೂ ಹಳೆಯದು, ಮತ್ತು ಅಲ್ಲಿನ ಅನುಭವ ಬಹುಮಟ್ಟಿಗೆ ಸೋಲಿನದು. ಒಂದು ದಡದಲ್ಲಿ ಗೌರವದಿಂದ ಓಡಾಡಿಕೊಂಡಿದ್ದ ಕಾರು ಇನ್ನೊಂದು ದಡಕ್ಕೆ ಹೋದೊಡನೆ ಏಕೆ ಮುಗ್ಗರಿಸುತ್ತಿತ್ತು ಎಂಬುದನ್ನು ಇಲ್ಲಿ ಚರ್ಚಿಸಬಹುದೆಂದು ಬರೆಯುತ್ತಿದ್ದೇನೆ.

ಡೆಟ್ರಾಯಿಟಿನ ಜನರಲ್ ಮೋಟಾರ್ಸ್ 1925ರಲ್ಲಿ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯನ್ನು ಕೊಂಡಿತು. 1929ರಲ್ಲಿ ಜರ್ಮನಿಯ ಓಪೆಲ್ ಕಂಪನಿಯ ಬಹುಪಾಲನ್ನು ತನ್ನದಾಗಿಸಿಕೊಂಡಿತು. 2017ರಲ್ಲಿ ಎರಡನ್ನೂ ಫ್ರಾನ್ಸಿನ ಪಿಎಸ್‌ಎ ಸಮೂಹಕ್ಕೆ ಮಾರುವವರೆಗೂ, ಯೂರೋಪಿನಲ್ಲಿ ಸಿದ್ಧವಾಗಿರುವ ಕಾರು ಕೈಯಲ್ಲೇ ಇರುವಾಗ ಅಮೆರಿಕಕ್ಕೆಂದು ಬೇರೆ ಕಾರನ್ನು ರೂಪಿಸಲು ಹಣ ಸುರಿಯುವುದೇಕೆ ಎಂಬ ಯೋಚನೆ ಅದರ ಆಡಳಿತಗಾರರಿಗೆ ಮತ್ತೆ ಮತ್ತೆ ಬರುತ್ತಿದ್ದದ್ದು ಸಹಜವೇ.

ಆ ಯೋಚನೆಯ ಅತ್ಯಂತ ಪ್ರಸಿದ್ಧ ಫಲವೆಂದರೆ ಜನರಲ್ ಮೋಟಾರ್ಸಿನ ಐಷಾರಾಮಿ ಬ್ರ್ಯಾಂಡಾದ ಕ್ಯಾಡಿಲಾಕ್ ಮಾರಿದ ಕಟೇರಾ. ರುಸೆಲ್ಸ್‌ಹೈಮ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಓಪೆಲ್ ಒಮೆಗಾ ಜರ್ಮನಿಯಲ್ಲಿ ಸಂಸಾರಸ್ಥರ ದೊಡ್ಡ ಕಾರು. ಬ್ರಿಟನ್ನಿನಲ್ಲಿ ಅದು ವಾಕ್ಸ್‌ಹಾಲ್ ಒಮೆಗಾ ಆಗಿ ಪೊಲೀಸರ ಕೈಗೂ ಸೇರಿತ್ತು. ಹಿಂಚಕ್ರಗಳಿಂದ ಓಡುವ, ಹೆದ್ದಾರಿಯಲ್ಲಿ ಗಂಟೆಗಟ್ಟಲೆ ವೇಗ ಹಿಡಿದರೂ ದಣಿಯದ ಗಟ್ಟಿ ಕಾರೆಂದು ಜನ ಅದನ್ನು ಕೊಳ್ಳುತ್ತಿದ್ದರೇ ಹೊರತು, ಅದರ ಒಡೆತನವನ್ನು ಯಾರೂ ಅಂತಸ್ತಿನ ಗುರುತೆಂದು ತಿಳಿದಿರಲಿಲ್ಲ. ಅದೇ ಕಾರು 3 ಲೀಟರಿನ, 200 ಅಶ್ವಶಕ್ತಿಯ ವಿ6 ಎಂಜಿನ್ನಿನೊಂದಿಗೆ 1997ರ ಮಾದರಿಯಾಗಿ, ಸುಮಾರು 30 ಸಾವಿರ ಡಾಲರ್ ಬೆಲೆಗೆ, ಕ್ಯಾಡಿಲಾಕ್ ಷೋರೂಮುಗಳಿಗೆ ಬಂದಿತು. ವಯಸ್ಸಾದ ಸಿರಿವಂತರ ಕಾರೆಂಬ ಹಣೆಪಟ್ಟಿಯನ್ನು ಕಳಚಿ, ಬಿಎಂಡಬ್ಲ್ಯೂ ಕೊಳ್ಳುವ ಕಿರಿಯರನ್ನು ಸೆಳೆಯುವುದು ಕ್ಯಾಡಿಲಾಕ್‌ನ ಉದ್ದೇಶವಾಗಿತ್ತು. ಅದಕ್ಕಾಗಿ ಕಾರ್ಟೂನು ಬಾತುಕೋಳಿಯನ್ನೂ ರೂಪದರ್ಶಿ ಸಿಂಡಿ ಕ್ರಾಫರ್ಡರನ್ನೂ ಜಾಹೀರಾತಿಗೆ ತಂದರು. ಬಿಎಂಡಬ್ಲ್ಯೂ ಗಿರಾಕಿಗಳು ಬರಲಿಲ್ಲ, ಕ್ಯಾಡಿಲಾಕ್‌ನ ಹಳೆಯ ಗಿರಾಕಿಗಳಿಗೆ ಆ ಬಿಗಿಯಾದ ಜರ್ಮನ್ ನಡೆ ಒಗ್ಗಲಿಲ್ಲ. 2001ರ ಮಾದರಿಯೊಂದಿಗೆ ಕಟೇರಾ ಮುಗಿಯಿತು.

ನನ್ನ ವಾದ ಇಷ್ಟು: ಕಾರಿನ ಮೇಲಿನ ಹೆಸರು ಅದನ್ನು ಯಾರು ತಯಾರಿಸಿದರು ಎಂಬುದನ್ನು ಹೇಳುವುದಿಲ್ಲ, ಅದು ಯಾವ ಷೋರೂಮಿನ ಬಾಗಿಲಿನಿಂದ ಹೊರಬಂತು ಎಂಬುದನ್ನು ಹೇಳುತ್ತದೆ. ಒಮೆಗಾ ಕೆಟ್ಟ ಕಾರಾಗಿರಲಿಲ್ಲ. ಅದು ಹೊಕ್ಕ ಬಾಗಿಲು ಅದರದ್ದಾಗಿರಲಿಲ್ಲ. ಭಿನ್ನಾಭಿಪ್ರಾಯಗಳಿಗೆ ಸ್ವಾಗತ.

ಲೆಕ್ಕದ ಪುಸ್ತಕ

ತುಂಗಾತೀರ ಅವರ ವಾದ ಸೊಗಸಾಗಿದೆ, ಆದರೆ ಅದರಲ್ಲಿ ಹಣದ ಮಾತೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಈ ಕಾರುಗಳನ್ನು ಕೊಂದದ್ದು ಷೋರೂಮಿಗಿಂತ ಹೆಚ್ಚಾಗಿ ವಿನಿಮಯ ದರ.

ಫೋರ್ಡ್ ಕಂಪನಿಯ ಮೆರ್ಕುರ್ ಪ್ರಸಂಗವನ್ನು ನೋಡಿ. ಯೂರೋಪಿನ ಫೋರ್ಡ್ ಸಿಯೆರಾ ಕಾರನ್ನು ಅಮೆರಿಕದಲ್ಲಿ ಸಿಯೆರಾ ಎಂದು ಕರೆಯುವಂತಿರಲಿಲ್ಲ, ಏಕೆಂದರೆ ಆ ಹೆಸರನ್ನು ಎದುರಾಳಿ ಜನರಲ್ ಮೋಟಾರ್ಸ್ ತನ್ನ ಜಿಎಂಸಿ ಪಿಕಪ್ ಟ್ರಕ್ಕುಗಳಿಗೆ ಬಳಸುತ್ತಿತ್ತು. ಆದ್ದರಿಂದ ಮೆರ್ಕುರ್ ಎಂಬ ಹೊಸ ಬ್ರ್ಯಾಂಡನ್ನೇ ಹುಟ್ಟುಹಾಕಿ, ಎಕ್ಸ್‌ಆರ್4ಟಿಐ ಎಂಬ ಮಾದರಿಯನ್ನು 1985ರಲ್ಲಿ ಫೋರ್ಡಿನದೇ ಲಿಂಕನ್–ಮರ್ಕ್ಯುರಿ ಡೀಲರುಗಳ ಮೂಲಕ ಮಾರಲು ತೊಡಗಿದರು. ಅಮೆರಿಕದ 2.3 ಲೀಟರಿನ ಟರ್ಬೊ ಎಂಜಿನ್ನನ್ನು ಜರ್ಮನಿಗೆ ಕಳುಹಿಸಿ, ಅಲ್ಲಿ ಕಾರ್ಮನ್ ಕಂಪನಿಯು ರೈನೆಯಲ್ಲಿ ಜೋಡಿಸಿದ ಕಾರನ್ನು ಮತ್ತೆ ಹಡಗಿನಲ್ಲಿ ಅಮೆರಿಕಕ್ಕೆ ತರುವ ಏರ್ಪಾಡು ಅದು. ಈ ಯೋಜನೆ ಕಾಗದದ ಮೇಲೆ ರೂಪುಗೊಂಡಾಗ ಡಾಲರ್ ಬಲಿಷ್ಠವಾಗಿತ್ತು; 1985ರ ಫೆಬ್ರುವರಿಯಲ್ಲಿ ಒಂದು ಡಾಲರಿಗೆ ಸುಮಾರು 3.4 ಜರ್ಮನ್ ಮಾರ್ಕ್ ಸಿಗುತ್ತಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡಾಲರಿನ ಬೆಲೆ ಇಳಿಸಲು ಐದು ದೇಶಗಳ ನಡುವೆ ಪ್ಲಾಜಾ ಒಪ್ಪಂದವಾಯಿತು. 1987ರ ಕೊನೆಯ ಹೊತ್ತಿಗೆ ಡಾಲರು 1.6 ಮಾರ್ಕಿನ ಆಸುಪಾಸಿಗೆ ಇಳಿದಿತ್ತು. ಜರ್ಮನಿಯಲ್ಲಿ ಮಾರ್ಕಿನಲ್ಲಿ ಕೂಲಿ ಕೊಟ್ಟು ಅಮೆರಿಕದಲ್ಲಿ ಡಾಲರಿನಲ್ಲಿ ಮಾರುವವರ ಖರ್ಚು ಮೂರು ವರ್ಷದೊಳಗೆ ಸರಿಸುಮಾರು ಇಮ್ಮಡಿಯಾದರೆ, ಯಾವ ಷೋರೂಮು ತಾನೇ ಉಳಿಸೀತು? 1989ಕ್ಕೆ ಮೆರ್ಕುರ್ ಬ್ರ್ಯಾಂಡು ಮುಚ್ಚಿತು. ತಾನಾಗಿಯೇ ರಕ್ಷಣೆ ಕೊಡುವ ಬೆಲ್ಟ್ ಅಥವಾ ಏರ್‌ಬ್ಯಾಗ್ ಎಲ್ಲ ಕಾರುಗಳಲ್ಲೂ ಇರಲೇಬೇಕೆಂಬ ಅಮೆರಿಕದ ನಿಯಮ 1990ರ ಮಾದರಿಗಳಿಂದ ಪೂರ್ತಿಯಾಗಿ ಜಾರಿಗೆ ಬರಲಿದ್ದು, ಸಾಯುತ್ತಿದ್ದ ಕಾರಿಗೆ ಅದಕ್ಕಾಗಿ ಹಣ ಹಾಕಲು ಯಾರೂ ಮುಂದಾಗಲಿಲ್ಲ.

ಇಪ್ಪತ್ತು ವರ್ಷಗಳ ನಂತರ ಇದೇ ಕಥೆ ಜನರಲ್ ಮೋಟಾರ್ಸಿನ ಅಮೆರಿಕದ ಬ್ರ್ಯಾಂಡಾದ ಸ್ಯಾಟರ್ನ್ ಮಾರಿದ ಆಸ್ಟ್ರಾದಲ್ಲಿ ನಡೆಯಿತು. ಬೆಲ್ಜಿಯಮ್ಮಿನ ಆಂಟ್‌ವರ್ಪ್‌ನಲ್ಲಿ ಕಟ್ಟಿದ ಓಪೆಲ್ ಆಸ್ಟ್ರಾವನ್ನು 2008ರ ಮಾದರಿಯಾಗಿ, 16 ಸಾವಿರ ಡಾಲರಿನ ಆಸುಪಾಸಿನ ಆರಂಭಿಕ ಬೆಲೆಗೆ ಅಮೆರಿಕದಲ್ಲಿ ಮಾರಿದರು. 2008ರ ಬೇಸಿಗೆಯಲ್ಲಿ ಯೂರೊ ಒಂದಕ್ಕೆ 1.60 ಡಾಲರ್ ಮುಟ್ಟಿತ್ತು. ಅಗ್ಗದ ಕಾರನ್ನು ದುಬಾರಿ ನಾಣ್ಯದ ನಾಡಿನಲ್ಲಿ ಕಟ್ಟಿ, ಕಡಲು ದಾಟಿಸಿ, ಅಗ್ಗವಾಗಿಯೇ ಮಾರುವುದು ಎಂದರೆ ಕೈಯಿಂದ ದುಡ್ಡು ಕೊಟ್ಟು ಗಿರಾಕಿಯನ್ನು ಕರೆದಂತೆ.

ಮೈನ್ ದಂಡೆ

ನಾನು ರುಸೆಲ್ಸ್‌ಹೈಮ್‌ಗೆ ಹತ್ತಿರದ ಊರಿನಲ್ಲಿ ವಾಸವಾಗಿದ್ದೇನೆ. ಇಲ್ಲಿ ಓಪೆಲ್ ಎಂದರೆ ಊರಿನ ಅನ್ನ.

ಸ್ಯಾಟರ್ನ್ ಆಸ್ಟ್ರಾದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ವಿನಿಮಯ ದರ ನಿಜ, ಆದರೆ ಅದೊಂದೇ ಅಲ್ಲ. ಆ ಆಸ್ಟ್ರಾ ಇಲ್ಲಿ ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ಅದರ ಮುಂದಿನ ಪೀಳಿಗೆ 2009ರಲ್ಲಿ ಬಂತು. ಅಂದರೆ ಅಮೆರಿಕದ ಗಿರಾಕಿಗೆ ಹೊಸದೆಂದು ತೋರಿಸಿದ ಕಾರು ಇಲ್ಲಿ ನಿವೃತ್ತಿಯ ಅಂಚಿನಲ್ಲಿತ್ತು. ಬ್ಯಾಡ್ಜ್ ಬದಲಾಯಿಸುವ ನಿರ್ಧಾರ ಸಾಮಾನ್ಯವಾಗಿ ತಡವಾಗಿ ಆಗುತ್ತದೆ, ಅಲ್ಲಿನ ನಿಯಮಗಳಿಗೆ ಹೊಂದಿಸಲು ಮತ್ತಷ್ಟು ಕಾಲ ಹಿಡಿಯುತ್ತದೆ, ಹಡಗು ಹತ್ತುವ ಹೊತ್ತಿಗೆ ಕಾರು ಹಳತಾಗಿರುತ್ತದೆ. ಹಾಗೆಯೇ ಸ್ಯಾಟರ್ನ್ ಗಿರಾಕಿಗಳು ಬೇರೆ ಬಗೆಯವರು: ಚೌಕಾಸಿ ಇಲ್ಲದ ಒಂದೇ ಬೆಲೆ, ಸ್ನೇಹದ ಡೀಲರು, ಟೆನೆಸಿಯ ಸ್ಪ್ರಿಂಗ್ ಹಿಲ್‌ನಲ್ಲಿ ಅಮೆರಿಕದವರೇ ಕಟ್ಟಿದ ಕಾರು ಎಂಬ ಹೆಮ್ಮೆಯಿಂದ ಬಂದವರು. ಅವರಿಗೆ ಬೆಲ್ಜಿಯಮ್ಮಿನ ಕಾರನ್ನು ಮಾರುವಾಗ ಆ ಬ್ರ್ಯಾಂಡು ತನ್ನ ಹುಟ್ಟಿನ ಕಾರಣವನ್ನೇ ಬಿಟ್ಟುಕೊಟ್ಟಂತಾಗಿತ್ತು. 2009ರಲ್ಲಿ ಜನರಲ್ ಮೋಟಾರ್ಸ್ ದಿವಾಳಿಯಾದಾಗ ಸ್ಯಾಟರ್ನ್ ಅನ್ನು ಪೆನ್ಸ್ಕಿ ಸಮೂಹಕ್ಕೆ ಮಾರುವ ಮಾತುಕತೆ ನಡೆದು, ಸೆಪ್ಟೆಂಬರಿನಲ್ಲಿ ಮುರಿದುಬಿತ್ತು.

ಆಗ ನಡೆದ ವಿಚಿತ್ರವೆಂದರೆ, ಸ್ಯಾಟರ್ನ್‌ಗೆ ಹೋಗಬೇಕೆಂದಿದ್ದ ಓಪೆಲ್ ಇನ್‌ಸಿಗ್ನಿಯಾ ಜನರಲ್ ಮೋಟಾರ್ಸಿನದೇ ಬ್ಯೂಕ್ ಬ್ರ್ಯಾಂಡಿನ ರೀಗಲ್ ಆಯಿತು. ಚೀನಾದಲ್ಲಿ ಬ್ಯೂಕ್‌ಗೆ ದೊಡ್ಡ ಮಾರುಕಟ್ಟೆ ಇದ್ದುದರಿಂದ ಆ ಬ್ರ್ಯಾಂಡನ್ನು ಉಳಿಸಿಕೊಳ್ಳಲಾಗಿತ್ತು. ಮೊದಲು ರುಸೆಲ್ಸ್‌ಹೈಮ್‌ನಿಂದಲೇ ಹೊರಟ ರೀಗಲ್ ನಂತರ ಕೆನಡಾದ ಓಷವಾದಲ್ಲಿ ತಯಾರಾಗತೊಡಗಿತು. ಮುಂದಿನ ಪೀಳಿಗೆಯ ತಯಾರಿಕೆ ಮತ್ತೆ ಇಲ್ಲಿಗೆ ಬಂತು. 2020ರವರೆಗೆ ಅಮೆರಿಕದಲ್ಲಿ ಅದು ಉಳಿಯಿತು. ಇದು ದೊಡ್ಡ ಗೆಲುವಲ್ಲ, ಆದರೆ ಕಟೇರಾದಂತೆ ನಗೆಪಾಟಲೂ ಆಗಲಿಲ್ಲ. ಬ್ಯೂಕ್ ಷೋರೂಮಿನ ಮಧ್ಯಮ ಅಂತಸ್ತು ಇನ್‌ಸಿಗ್ನಿಯಾದ ಅಂತಸ್ತಿಗೆ ಹೆಚ್ಚು ಕಡಿಮೆ ಹೊಂದುತ್ತಿತ್ತು. ಈ ಮಟ್ಟಿಗೆ ನಾನು ತುಂಗಾತೀರ ಅವರ ಪಕ್ಷ.

ಕಾಫಿನಾಡು

ಎಲ್ಲರ ಬರಹಗಳೂ ಮಾಹಿತಿಪೂರ್ಣವಾಗಿವೆ. ಒಂದು ಸರಳ ಪ್ರಶ್ನೆ: ಓಪೆಲ್ ಕಾರನ್ನು ಓಪೆಲ್ ಎಂದೇ ಅಮೆರಿಕದಲ್ಲಿ ಮಾರಬಹುದಿತ್ತಲ್ಲವೇ?

ಮೈನ್ ದಂಡೆ

ಮಾರಿದ್ದರು, ಕಾಫಿನಾಡು ಅವರೇ. 1950ರ ದಶಕದ ಕೊನೆಯಿಂದ 1975ರವರೆಗೆ ಬ್ಯೂಕ್ ಡೀಲರುಗಳ ಬಳಿ ಕಡೆಟ್, ಮಾಂಟಾ, ಜಿಟಿ ಮುಂತಾದ ಕಾರುಗಳು ಓಪೆಲ್ ಹೆಸರಿನಲ್ಲೇ ಸಿಗುತ್ತಿದ್ದವು. ದೊಡ್ಡ ಕಾರು ಮಾರಿ ದೊಡ್ಡ ಲಾಭ ಮಾಡಿಕೊಳ್ಳುವ ಬ್ಯೂಕ್ ಡೀಲರಿಗೆ ಆ ಸಣ್ಣ ಕಾರಿನ ಮೇಲೆ ಎಷ್ಟು ಅಕ್ಕರೆ ಇದ್ದೀತೆಂದು ನೀವೇ ಊಹಿಸಿ. ಮಾರ್ಕಿನ ಬೆಲೆ ಏರಿ ಜರ್ಮನಿಯ ಕಾರು ದುಬಾರಿಯಾದ ಮೇಲೆ, ಜಪಾನಿನ ಇಸುಜು ಕಾರಿಗೆ ಓಪೆಲ್ ಹೆಸರು ಅಂಟಿಸಿ 1979ರವರೆಗೆ ಮಾರಿದರು. ಕಾರು ಹೋಗಿ ಹೆಸರು ಮಾತ್ರ ಉಳಿದ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಗೊತ್ತಿಲ್ಲ.

ಮಿಶಿಗನ್ ಮಲೆನಾಡಿಗ

ಷೋರೂಮು, ವಿನಿಮಯ ದರ ಎರಡೂ ಸರಿ. ಆದರೆ ಇವೆರಡಕ್ಕೂ ಜಗ್ಗದ ಒಂದು ಪ್ರಕರಣವಿದೆ, ಅದಕ್ಕೆ ನಿಮ್ಮ ಉತ್ತರ ಬೇಕು.

ಬ್ರಿಟನ್ನಿನ ರೋವರ್ ಮತ್ತು ಜಪಾನಿನ ಹೋಂಡಾ ಜೊತೆಗೂಡಿ ರೂಪಿಸಿದ ಕಾರೊಂದು ರೋವರ್ 800 ಮತ್ತು ಹೋಂಡಾ ಲೆಜೆಂಡ್ ಎಂಬ ಎರಡು ರೂಪ ತಳೆಯಿತು. ರೋವರ್ ಹೆಸರಿಗೆ ಅಮೆರಿಕದಲ್ಲಿ ಒಳ್ಳೆಯ ನೆನಪುಗಳಿರಲಿಲ್ಲವಾದ್ದರಿಂದ ಸ್ಟರ್ಲಿಂಗ್ ಎಂಬ ಹೊಸ ಹೆಸರಿನಲ್ಲಿ, ಹೊಸ ಡೀಲರುಗಳ ಮೂಲಕ, 1987ರ ಮಾದರಿಯಿಂದ ಅದನ್ನು ಇಲ್ಲಿ ಮಾರಿದರು. ಹೋಂಡಾ ಕೂಡ ಅದೇ ಕಾಲದಲ್ಲಿ ಅಕ್ಯೂರಾ ಎಂಬ ಹೊಸ ಹೆಸರಿನಲ್ಲಿ, ಹೊಸ ಡೀಲರುಗಳ ಮೂಲಕ ಲೆಜೆಂಡ್ ಮಾರಿತು. ಎರಡರ ವಿ6 ಎಂಜಿನ್ನೂ ಹೋಂಡಾದ್ದೇ. ಷೋರೂಮಿನ ಅಂತಸ್ತೂ ಸಮ, ಹೆಸರಿನ ಹೊಸತನವೂ ಸಮ. ಒಳಾಂಗಣದ ಮರ ಮತ್ತು ತೊಗಲಿನ ಅಂದದಲ್ಲಿ ಸ್ಟರ್ಲಿಂಗೇ ಒಂದು ಕೈ ಮೇಲು. ಆದರೂ ಗ್ರಾಹಕ ತೃಪ್ತಿಯ ಸಮೀಕ್ಷೆಗಳಲ್ಲಿ ಅಕ್ಯೂರಾ ಮೇಲ್ತುದಿಯಲ್ಲಿದ್ದರೆ ಸ್ಟರ್ಲಿಂಗ್ ತಳದಲ್ಲಿತ್ತು. ವಿದ್ಯುತ್ ಸಲಕರಣೆಗಳು ಕೈಕೊಡುತ್ತಿದ್ದವು, ಬಣ್ಣ ಮತ್ತು ಒಳಜೋಡಣೆ ಕಳಪೆಯಾಗಿದ್ದವು. 1991ಕ್ಕೆ ಸ್ಟರ್ಲಿಂಗ್ ಅಮೆರಿಕದಿಂದ ಹೊರನಡೆಯಿತು. ಇಲ್ಲಿ ಕಾರಣ ಕಾರ್ಖಾನೆಯೇ ಎಂದು ಹೇಳದೆ ವಿಧಿಯಿಲ್ಲ. ರೋವರ್ 800 ತಯಾರಾಗುತ್ತಿದ್ದದ್ದು ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿ. ನಮ್ಮ ಅಂಬಾಸಿಡರ್ ಕಾರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಹುಟ್ಟಿದ್ದೂ ಅಲ್ಲೇ ಎಂಬುದನ್ನು ಸುಮ್ಮನೆ ನೆನಪಿಸುತ್ತೇನೆ.

ಇನ್ನು ಹೆಸರು ಬದಲಾಯಿಸಿ ಕಳಂಕ ತೊಳೆಯುವ ಪ್ರಯತ್ನಗಳು. ಯೂರೋಪಿನ ಆಡಿ 100 ಅಮೆರಿಕದಲ್ಲಿ ಆಡಿ 5000 ಆಗಿತ್ತು. ಕಾರು ತಾನಾಗಿಯೇ ಮುನ್ನುಗ್ಗುತ್ತದೆಂಬ ದೂರುಗಳ ಬಗ್ಗೆ 1986ರ ನವೆಂಬರಿನಲ್ಲಿ ಸಿಬಿಎಸ್ ವಾಹಿನಿಯ ಕಾರ್ಯಕ್ರಮವೊಂದು ಪ್ರಸಾರವಾದ ಮೇಲೆ ಮಾರಾಟ ನೆಲಕಚ್ಚಿತು. ಚಾಲಕರು ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದದ್ದೇ ಹೆಚ್ಚಿನ ಪ್ರಕರಣಗಳಿಗೆ ಕಾರಣವೆಂದು ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆ 1989ರಲ್ಲಿ ಹೇಳಿತು. ಅದೇ ಹೊತ್ತಿಗೆ ಆಡಿ 5000 ಎಂಬ ಹೆಸರನ್ನು ಕೈಬಿಟ್ಟು ಯೂರೋಪಿನ 100 ಮತ್ತು 200 ಎಂಬ ಹೆಸರುಗಳನ್ನೇ ಕಂಪನಿ ತಂದಿತು. ಪ್ರಯೋಜನವಾಗಲಿಲ್ಲ. 1985ರಲ್ಲಿ 74 ಸಾವಿರ ದಾಟಿದ್ದ ಆಡಿಯ ವಾರ್ಷಿಕ ಮಾರಾಟ 1991ರಲ್ಲಿ 12 ಸಾವಿರದ ಆಸುಪಾಸಿಗೆ ಕುಸಿದಿತ್ತು. ಲಾಂಛನದ ನಾಲ್ಕು ಉಂಗುರಗಳು ಹಾಗೆಯೇ ಇರುವಾಗ ಹಿಂಬದಿಯ ಅಂಕಿ ಬದಲಾದರೆ ಯಾರು ಮರೆಯುತ್ತಾರೆ?

ಹಳೆಯ ಸಿಯೆಲೊ

ಮೈನ್ ದಂಡೆ ಅವರು ಕಡೆಟ್ ಹೆಸರೆತ್ತಿದ್ದರಿಂದ ಬರೆಯುತ್ತಿದ್ದೇನೆ. 1984ರ ಓಪೆಲ್ ಕಡೆಟ್ ಬ್ರಿಟನ್ನಿನಲ್ಲಿ ವಾಕ್ಸ್‌ಹಾಲ್ ಆಸ್ಟ್ರಾ. ಅದನ್ನೇ ಕೊರಿಯಾದ ಡೇವೂ ತನ್ನ ಕಾರ್ಖಾನೆಯಲ್ಲಿ ಕಟ್ಟಿ, 1988ರ ಮಾದರಿಯಿಂದ 1993ರವರೆಗೆ ಅಮೆರಿಕಕ್ಕೆ ಪಾಂಟಿಯಾಕ್ ಲಮಾನ್ಸ್ ಆಗಿ ಕಳುಹಿಸಿತು. ಅದೇ ಕಾರನ್ನು ಡೇವೂ ಮತ್ತೆ ತಿದ್ದಿ ನೆಕ್ಸಿಯಾ ಮಾಡಿತು. ನಮ್ಮಲ್ಲಿಗೆ ಅದು 1995ರಲ್ಲಿ ಸಿಯೆಲೊ ಆಗಿ ಬಂತು. ಮರುವರ್ಷವೇ ಜನರಲ್ ಮೋಟಾರ್ಸ್ ಓಪೆಲ್ ಆಸ್ಟ್ರಾವನ್ನು ಭಾರತಕ್ಕೆ ತಂದಿತು. ಕಡೆಟ್‌ನ ಉತ್ತರಾಧಿಕಾರಿಯಾಗಿ ಜರ್ಮನಿಯಲ್ಲಿ ಹುಟ್ಟಿದ್ದೇ ಆ ಆಸ್ಟ್ರಾ. ಹೀಗೆ ತಂದೆ ಮತ್ತು ಮಗ ಇಬ್ಬರೂ ಬೇರೆ ಬೇರೆ ಮನೆತನದ ಹೆಸರಿನಲ್ಲಿ ನಮ್ಮ ರಸ್ತೆಗಳಲ್ಲಿ ಒಬ್ಬರಿಗೊಬ್ಬರು ಪೈಪೋಟಿ ಕೊಟ್ಟರು.

ಬಿಡದಿ ದಾರಿ

ತುಂಗಾತೀರ ಅವರು ಗ್ಲಾನ್ಜಾದಿಂದ ಆರಂಭಿಸಿ ಅದನ್ನು ಅಲ್ಲಿಯೇ ಬಿಟ್ಟರು. ಅವರ ವಾದಕ್ಕೆ ಬಲ ಕೊಡುವ ಸಾಕ್ಷಿ ಅದರಲ್ಲಿಯೇ ಇತ್ತು. 2019ರಲ್ಲಿ ಬಲೆನೊಗೆ 2 ವರ್ಷ ಅಥವಾ 40 ಸಾವಿರ ಕಿಲೋಮೀಟರಿನ ವಾರಂಟಿ ಇದ್ದರೆ, ಗ್ಲಾನ್ಜಾಗೆ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ಕೊಟ್ಟಿದ್ದರು. ಕಾರು ಒಂದೇ, ಹೊಣೆ ಹೊರುವ ಅಂಗಡಿ ಬೇರೆ. 2022ರಿಂದ ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲೇ ಹೈರೈಡರ್ ಮತ್ತು ಮಾರುತಿಯ ಗ್ರ್ಯಾಂಡ್ ವಿಟಾರಾ ಎರಡೂ ತಯಾರಾಗುತ್ತಿವೆ. ಎರಡೂ ರೂಪಾಯಿಯಲ್ಲೇ ಕಟ್ಟಿ ರೂಪಾಯಿಯಲ್ಲೇ ಮಾರುವ ಕಾರುಗಳಾದ್ದರಿಂದ ಲೆಕ್ಕದ ಪುಸ್ತಕ ಅವರಿಗೂ ಇಲ್ಲಿ ತಕರಾರಿರಲಾರದು.

ಲೆಕ್ಕದ ಪುಸ್ತಕ

ತಕರಾರಿಲ್ಲ. ಆದರೆ ಎದುರು ದಿಕ್ಕಿನ ಪ್ರಯಾಣವನ್ನು ಯಾರೂ ಪ್ರಸ್ತಾಪಿಸಿಲ್ಲ, ಅದು ನಿಜಕ್ಕೂ ರಸವತ್ತಾಗಿದೆ.

2009ರಲ್ಲಿ ಫಿಯಾಟ್ ದಿವಾಳಿಯಾದ ಕ್ರೈಸ್ಲರ್‌ನ ಚುಕ್ಕಾಣಿ ಹಿಡಿದ ಮೇಲೆ, ಕೆನಡಾದ ಬ್ರಾಂಪ್ಟನ್‌ನಲ್ಲಿ ತಯಾರಾಗುತ್ತಿದ್ದ ಕ್ರೈಸ್ಲರ್ 300 ಕಾರು 2011ರಲ್ಲಿ ಯೂರೋಪಿನ ಭೂಖಂಡದಲ್ಲಿ ಫಿಯಾಟಿನದೇ ಬ್ರ್ಯಾಂಡಾದ ಲಾಂಚಿಯಾದ ತೇಮಾ ಆಯಿತು. ಕ್ರೈಸ್ಲರ್‌ನ ಕುಟುಂಬ ವ್ಯಾನು ಲಾಂಚಿಯಾ ವಾಯೇಜರ್ ಆಯಿತು. ಕ್ರೈಸ್ಲರ್ 200 ಕಾರಿನ ತೆರೆದ ಚಾವಣಿಯ ರೂಪ ಲಾಂಚಿಯಾ ಫ್ಲಾವಿಯಾ ಆಯಿತು. ತೇಮಾ, ಫ್ಲಾವಿಯಾ ಎರಡೂ ಲಾಂಚಿಯಾದ ಚರಿತ್ರೆಯ ಗೌರವದ ಹೆಸರುಗಳು. ಹಳೆಯ ತೇಮಾದ ಒಂದು ಆವೃತ್ತಿಯಲ್ಲಿ ಫೆರಾರಿಯ ವಿ8 ಎಂಜಿನ್ ಇತ್ತು. ಇಟಲಿಯ ಅಭಿಮಾನಿಗಳಿಗೆ ಇದು ಹೇಗೆ ಕಂಡಿರಬೇಕು! ಆದರೆ ಲಾಂಚಿಯಾ 1994ರಲ್ಲೇ ಕೈಬಿಟ್ಟಿದ್ದ ಬ್ರಿಟನ್ನಿನಲ್ಲಿ ಎಲ್ಲವೂ ತಲೆಕೆಳಗು. ಅಲ್ಲಿ ಇಟಲಿಯ ಲಾಂಚಿಯಾ ಡೆಲ್ಟಾ ಮತ್ತು ಪೋಲೆಂಡಿನಲ್ಲಿ ಕಟ್ಟಿದ ಸಣ್ಣ ಇಪ್ಸಿಲಾನ್, ಕ್ರೈಸ್ಲರ್ ಹೆಸರಿನಲ್ಲಿ 2015ರವರೆಗೆ ಮಾರಾಟವಾದವು. ಅಮೆರಿಕದ ಕಾರು ಇಟಲಿಯದ್ದಾಗಿ, ಇಟಲಿಯ ಕಾರು ಅಮೆರಿಕದ್ದಾಗಿ, ಒಂದೇ ಕಾಲದಲ್ಲಿ, ಒಂದು ಕಡಲ್ಗಾಲುವೆಯ ಎರಡು ದಡಗಳಲ್ಲಿ! ಎರಡೂ ಕಡೆ ನಡೆಯಲಿಲ್ಲ.

ಇದೇ ಸಮಯದಲ್ಲಿ ಮೆಕ್ಸಿಕೋದ ತೊಲುಕಾದಲ್ಲಿ ತಯಾರಾದ, ಕ್ರೈಸ್ಲರ್ ಸಮೂಹದ ಡಾಡ್ಜ್ ಜರ್ನಿ ಯೂರೋಪಿನಲ್ಲಿ ಫಿಯಾಟ್ ಫ್ರಿಮಾಂಟ್ ಆಗಿ ಚೆನ್ನಾಗಿಯೇ ಮಾರಾಟವಾಯಿತು. ವ್ಯತ್ಯಾಸ ಎಲ್ಲಿತ್ತೆಂದರೆ, ಅದಕ್ಕೆ ಇಟಲಿಯವರು ತಮ್ಮ 2 ಲೀಟರಿನ ಡೀಸೆಲ್ ಎಂಜಿನ್ ಕೂರಿಸಿ, ಏಳು ಜನ ಕೂರುವ ಕಾರನ್ನು ಫಿಯಾಟ್ ಗಿರಾಕಿಗೆ ನಿಲುಕುವ ಬೆಲೆಯಲ್ಲಿ ಕೊಟ್ಟರು.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಮಿಶಿಗನ್ ಮಲೆನಾಡಿಗ ಅವರ ಸ್ಟರ್ಲಿಂಗ್ ಪ್ರಶ್ನೆಗೆ ನನ್ನ ಉತ್ತರ: ಷೋರೂಮು ಹೊಂದುವುದು ಗೆಲ್ಲಲು ಬೇಕಾದ ಮೊದಲ ಷರತ್ತೇ ಹೊರತು ಅದೊಂದೇ ಸಾಲದು, ಕೆಟ್ಟ ಕಾರನ್ನು ಯಾವ ಷೋರೂಮೂ ಉಳಿಸಲಾರದು. ಲೆಕ್ಕದ ಪುಸ್ತಕ ಅವರ ಫ್ರಿಮಾಂಟ್ ಮತ್ತು ತೇಮಾಗಳ ಹೋಲಿಕೆ ನನ್ನ ಮಾತನ್ನೇ ಎತ್ತಿಹಿಡಿಯುತ್ತದೆ. ಒಂದೇ ಸಮೂಹ, ಒಂದೇ ಸಮುದ್ರ, ಒಂದೇ ಡಾಲರು. ಫಿಯಾಟ್ ಬಾಗಿಲಿಗೆ ಹೊಂದಿದ್ದು ಉಳಿಯಿತು, ಲಾಂಚಿಯಾ ಬಾಗಿಲಿಗೆ ಹೊಂದದ್ದು ಹೋಯಿತು.

ಬ್ಯಾಡ್ಜಿನ ಅಭಿಮಾನವೇ ಇಲ್ಲದ ಕಡೆ ಈ ತೊಡಕು ಹುಟ್ಟುವುದೇ ಇಲ್ಲ ಎಂಬುದನ್ನೂ ಗಮನಿಸಬೇಕು. ಸರಕು ಸಾಗಿಸುವ ಫಿಯಾಟ್ ಡುಕಾಟೊ ಅಮೆರಿಕದಲ್ಲಿ ರ‍್ಯಾಮ್ ಪ್ರೊಮಾಸ್ಟರ್ ಆಗಿ 2014ರ ಮಾದರಿಯಿಂದ ಓಡುತ್ತಿದೆ; ಅದಕ್ಕೂ ಮೊದಲು ಮರ್ಸಿಡಿಸ್ ಸ್ಪ್ರಿಂಟರ್ ಅಲ್ಲಿ ಡಾಡ್ಜ್ ಆಗಿಯೂ ಫ್ರೈಟ್‌ಲೈನರ್ ಆಗಿಯೂ ಮಾರಾಟವಾಗಿತ್ತು. ವ್ಯಾನು ಕೊಳ್ಳುವವನು ನೋಡುವುದು ಎಷ್ಟು ಸರಕು ಹಿಡಿಯುತ್ತದೆ, ರಿಪೇರಿ ಎಲ್ಲಿ ಆಗುತ್ತದೆ ಎಂಬುದನ್ನು. ಅಲ್ಲಿ ಅಡ್ಡಿಯಾದದ್ದು 1964ರಿಂದ ಜಾರಿಯಲ್ಲಿರುವ 25 ಶೇಕಡಾ ಆಮದು ಸುಂಕ. ಅಮೆರಿಕದ ಕೋಳಿಮಾಂಸದ ಮೇಲೆ ಯೂರೋಪು ಹಾಕಿದ್ದ ಸುಂಕಕ್ಕೆ ಪ್ರತೀಕಾರವಾಗಿ ಬಂದ ಈ ತೆರಿಗೆಯಿಂದ ಪಾರಾಗಲು ಪ್ರೊಮಾಸ್ಟರನ್ನು ಮೆಕ್ಸಿಕೋದ ಸಾಲ್ಟಿಯೊದಲ್ಲಿ ಕಟ್ಟುತ್ತಾರೆ, ಸ್ಪ್ರಿಂಟರನ್ನು ಬಿಡಿಸಿ ತಂದು ದಕ್ಷಿಣ ಕ್ಯಾರೊಲಿನಾದಲ್ಲಿ ಮತ್ತೆ ಜೋಡಿಸುತ್ತಿದ್ದರು.

ಹೆಸರಿನ ಹಕ್ಕಿನಿಂದ ಬದಲಾದ ಕಾರುಗಳನ್ನು ಈ ಸಾಲಿಗೆ ಸೇರಿಸುವುದು ಸರಿಯಲ್ಲ. ಜರ್ಮನಿಯಲ್ಲಿ ಮಸ್ಟಾಂಗ್ ಎಂಬ ಹೆಸರಿನ ಹಕ್ಕು ಕ್ರುಪ್ ಕಂಪನಿಯ ಬಳಿ ಇದ್ದುದರಿಂದ ಫೋರ್ಡ್ ತನ್ನ ಮಸ್ಟಾಂಗನ್ನು 1970ರ ದಶಕದ ಕೊನೆಯವರೆಗೂ ಅಲ್ಲಿ ಟಿ-5 ಎಂದು ಮಾರಿತು. ಆದರೆ ಷೋರೂಮು ಫೋರ್ಡಿನದ್ದೇ, ಗಿರಾಕಿಗೂ ಅದೇನೆಂದು ಗೊತ್ತಿತ್ತು, ಆದ್ದರಿಂದ ಯಾರಿಗೂ ನಷ್ಟವಾಗಲಿಲ್ಲ.

ಕಾಫಿನಾಡು

ಹಾಗಾದರೆ ಅಮೆರಿಕದಲ್ಲಿ ಇಂಥ ಹಳೆಯ ಕಾರೊಂದನ್ನು ನೋಡಿದಾಗ ಅದರ ತವರು ಯಾವುದೆಂದು ತಿಳಿಯುವ ಬಗೆ ಹೇಗೆ? ಬಿಡಿಭಾಗ ಹುಡುಕುವವರಿಗೆ ಇದು ಮುಖ್ಯವಲ್ಲವೇ?

ಮೈನ್ ದಂಡೆ

ಚಾಸಿ ನಂಬರಿನ ಮೊದಲ ಅಕ್ಷರ ನೋಡಿ. ಅದು 1 ಆದರೆ ಅಮೆರಿಕ, 2 ಆದರೆ ಕೆನಡಾ, 3 ಆದರೆ ಮೆಕ್ಸಿಕೋ, ಡಬ್ಲ್ಯೂ ಆದರೆ ಜರ್ಮನಿ. ಕಟೇರಾದ ನಂಬರು ಡಬ್ಲ್ಯೂದಿಂದ ಆರಂಭವಾಗುತ್ತದೆ. ಆಂಟ್‌ವರ್ಪ್‌ನಲ್ಲಿ ಕಟ್ಟಿದ ಸ್ಯಾಟರ್ನ್ ಆಸ್ಟ್ರಾಕ್ಕೂ ಡಬ್ಲ್ಯೂ ಇದೆ, ಏಕೆಂದರೆ ಆ ಸಂಕೇತ ಕಾರ್ಖಾನೆಯ ಊರಿಗಿಂತ ತಯಾರಕ ಸಂಸ್ಥೆಗೆ ಸೇರಿದ್ದು. ಬಿಡಿಭಾಗಗಳಲ್ಲಿ ಬ್ರೇಕು, ಸಸ್ಪೆನ್ಷನ್, ಎಂಜಿನ್ನಿನ ಒಳಭಾಗಗಳು ಬಹುತೇಕ ಓಪೆಲ್‌ನವೇ ಹೊಂದುತ್ತವೆ. ಹೊಂದದೆ ತಲೆನೋವು ಕೊಡುವವು ದೀಪಗಳು ಮತ್ತು ಬಂಪರುಗಳು. ಹಿಂಬದಿಯ ಇಂಡಿಕೇಟರ್ ಯೂರೋಪಿನಲ್ಲಿ ಹಳದಿ ಬಣ್ಣದ್ದೇ ಆಗಿರಬೇಕು, ಅಮೆರಿಕದಲ್ಲಿ ಕೆಂಪೂ ನಡೆಯುತ್ತದೆ. ಹೆಡ್‌ಲೈಟಿನ ಬೆಳಕು ಬೀಳುವ ರೀತಿಗೂ ಎರಡು ಕಡೆ ಬೇರೆ ಬೇರೆ ನಿಯಮ.

ಮಿಶಿಗನ್ ಮಲೆನಾಡಿಗ

ತುಂಗಾತೀರ ಅವರ ಉತ್ತರ ಅರ್ಧ ಒಪ್ಪಿಗೆ. ಉಳಿದ ಅರ್ಧಕ್ಕೆ ಈಗ ಇಲ್ಲೇ ಒಂದು ಪರೀಕ್ಷೆ ಸಿದ್ಧವಾಗಿದೆ. ಇಟಲಿಯ ನೇಪಲ್ಸ್ ಬಳಿಯ ಪೊಮಿಲ್ಯಾನೊ ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಆಲ್ಫಾ ರೋಮಿಯೊ ಟೊನಾಲೆ ಮತ್ತು ಡಾಡ್ಜ್ ಹಾರ್ನೆಟ್ ಎರಡನ್ನೂ ಅಮೆರಿಕದಲ್ಲೇ ಮಾರಿದ್ದಾರೆ. ಹಾರ್ನೆಟ್ ಬಂದದ್ದು 2023ರ ಮಾದರಿಯಾಗಿ. ಒಂದೇ ದೇಶ, ಒಂದೇ ನಾಣ್ಯ, ಒಂದೇ ಕಾರ್ಖಾನೆ. ಮುಖ್ಯವಾಗಿ ಬೇರೆಯಾಗಿರುವುದು ಡೀಲರು, ಬೆಲೆ ಮತ್ತು ಬಾನೆಟ್ಟಿನ ಮೇಲಿನ ಗುರುತು. ಈ ಎರಡರಲ್ಲಿ ಯಾವುದನ್ನಾದರೂ ಇಟ್ಟುಕೊಂಡಿರುವ ಕನ್ನಡಿಗರು ಇಲ್ಲಿದ್ದರೆ, ಸರ್ವಿಸಿನ ಬಿಲ್ಲು ಮತ್ತು ಮರುಮಾರಾಟದ ಬೆಲೆಯನ್ನು ದಯವಿಟ್ಟು ಈ ಚರ್ಚೆಯಲ್ಲಿ ಹಾಕಿ.